ಬೆಟ್ಟಾ ಮೀನಿನ ಬಾಲ ಸವೆಯುತ್ತಿದೆ, ತಳ ಬಿಟ್ಟು ಏಳುತ್ತಿಲ್ಲ. ಯಾವ ಔಷಧಿ ಹಾಕಲಿ?

ಪ್ರಶ್ನೆ:
ನಮಸ್ತೆ ಡಾಕ್ಟ್ರೇ. ನನ್ನ ಹತ್ತಿರ ಒಂದು ಗಂಡು ಬೆಟ್ಟಾ ಇದೆ, ನೀಲಿ ಬಣ್ಣದ್ದು. 10 ಲೀಟರ್ ಟ್ಯಾಂಕ್, ಸಣ್ಣ ಸ್ಪಂಜ್ ಫಿಲ್ಟರ್, ಹೀಟರ್ ಇಲ್ಲ. ಮೂರ್ನಾಲ್ಕು ದಿನದಿಂದ ಮಂಕಾಗಿದೆ. ಸುಮ್ನೆ ತಳದಲ್ಲಿ ಮಲಗಿರುತ್ತದೆ, ಗಾಳಿ ತಗೊಳ್ಳೋಕೆ ಮಾತ್ರ ಮೇಲೆ ಬಂದು ಹೋಗುತ್ತದೆ. ಕಾಳು ಹಾಕಿದರೆ ಬಾಯಿಗೆ ತಗೊಂಡು ಉಗುಳುತ್ತದೆ. ಬಾಲದ ಅಂಚು ಕಪ್ಪಾಗಿ ಎಳೆ ಎಳೆಯಾಗಿದೆ. ನೀರಂತೂ ತಿಳಿಯಾಗಿದೆ. ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸಿ, ಸ್ಪಂಜನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯುತ್ತೇನೆ. ಮೆಥಿಲೀನ್ ಬ್ಲೂ ಮತ್ತು ಮನೆಯಲ್ಲಿರುವ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಎರಡನ್ನೂ ಹಾಕಬಹುದಾ?

ಡಾಕ್ಟರ್:
ಎರಡೂ ಬೇಡ. ಮೊದಲು ನೀರು ನೋಡೋಣ.

ನೀರು ತಿಳಿಯಾಗಿದೆ ಅಂದರೆ ಚೆನ್ನಾಗಿದೆ ಅಂತ ಅಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಕಾಳಿನಿಂದ ಅದು ದಿನವೂ ನೀರಿಗೆ ಸೇರುತ್ತಿರುತ್ತದೆ. ಸ್ಪಂಜಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜು ತೊಳೆದರೆ ಇವು ಸಾಯುತ್ತವೆ. ಅಂದರೆ ನಿಮ್ಮ ಟ್ಯಾಂಕ್ ವಾರವಾರವೂ ಹೊಸ ಟ್ಯಾಂಕೇ ಆಗುತ್ತಿದೆ. ಮೆಥಿಲೀನ್ ಬ್ಲೂ ಕೂಡ ಇದೇ ಬ್ಯಾಕ್ಟೀರಿಯಾಕ್ಕೆ ಕುತ್ತು. ಹಾಕಲೇಬೇಕಾದರೆ ಬೇರೆ ಡಬ್ಬದಲ್ಲಿ ಹಾಕಬೇಕು, ಇರುವ ಟ್ಯಾಂಕಿಗೆ ಅಲ್ಲ.

ಮೂರು ಸಂಗತಿ ತಿಳಿಸಿ: ಅಮೋನಿಯಾ ಎಷ್ಟು, ನೈಟ್ರೈಟ್ ಎಷ್ಟು, ಬೆಳಗಿನ ಜಾವ ನೀರಿನ ಉಷ್ಣಾಂಶ ಎಷ್ಟು. ಬೆಳಗಿನದ್ದೇ ಯಾಕೆ ಅಂದರೆ ನೀರು ಅತಿ ತಣ್ಣಗಿರುವುದು ಆಗಲೇ. ಜೊತೆಗೆ ಟಾರ್ಚನ್ನು ಪಕ್ಕದಿಂದ ಹಿಡಿದು ಮೈ ನೋಡಿ. ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ ಇದ್ದರೆ ಅದು ಇಕ್. ಚಿನ್ನದ ಪುಡಿ ಉದುರಿಸಿದ ಹಾಗೆ ಕಂಡರೆ ವೆಲ್ವೆಟ್. ಇವೆರಡೂ ಪರಾವಲಂಬಿ ಜೀವಿಗಳಿಂದ ಬರುವ ರೋಗ, ದಾರಿಯೇ ಬೇರೆ.

ಪ್ರಶ್ನೆ ಕೇಳಿದವರು:
ಚುಕ್ಕೆ, ಪುಡಿ ಏನೂ ಇಲ್ಲ. ಅಮೋನಿಯಾ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ), ನೈಟ್ರೈಟ್ 0. ಉಷ್ಣಾಂಶ 21 ಡಿಗ್ರಿ.

ಡಾಕ್ಟರ್:
ಕಾರಣ ಅಲ್ಲೇ ಇದೆ ನೋಡಿ. ಅಮೋನಿಯಾ ಸೊನ್ನೆ ಇರಬೇಕು. ನೀರು 25ರಿಂದ 27 ಡಿಗ್ರಿ ಇರಬೇಕು. ತಣ್ಣೀರಿನಲ್ಲಿ ಬೆಟ್ಟಾಕ್ಕೆ ಜೀರ್ಣಶಕ್ತಿಯೂ ಕುಗ್ಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಬಾಲ ಕೊಳೆಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಯಾವಾಗಲೂ ಇರುವಂಥದ್ದೇ. ಮೀನು ಸೋತಾಗ ಅವು ಮೇಲುಗೈ ಪಡೆಯುತ್ತವೆ, ಅಷ್ಟೇ.

ಇಲ್ಲಿ ಕೆಲಸದ ಕ್ರಮ ಮುಖ್ಯ. ಮೊದಲು ನೀರು, ಆಮೇಲೆ ಹೀಟರ್. ಯಾಕೆಂದರೆ ನೀರು ಬಿಸಿಯಾದಷ್ಟೂ, ಪಿಎಚ್ (ನೀರಿನ ಕ್ಷಾರದ ಮಟ್ಟ) ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಇವತ್ತು ಅರ್ಧ ನೀರು ಬದಲಿಸಿ, 1 ಇದ್ದದ್ದು ಅರ್ಧಕ್ಕೆ ಇಳಿಯುತ್ತದೆ. ನಾಳೆ ಮತ್ತೆ ಅರ್ಧ. ಆಮೇಲೆ ದಿನಾ ಅಳೆದು, 0.25 ದಾಟಿದಾಗಲೆಲ್ಲ ಬದಲಿಸುತ್ತಾ ಹೋಗಿ. ಹೊಸ ನೀರಿಗೆ ಆ್ಯಂಟಿ ಕ್ಲೋರಿನ್ ಹಾಕಿರಬೇಕು, ಟ್ಯಾಂಕಿನಷ್ಟೇ ಬೆಚ್ಚಗಿರಬೇಕು. ಕೈ ಅದ್ದಿ ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟೇ ನೋಡಿ. ಸ್ಪಂಜನ್ನು ಇನ್ನು ಮೇಲೆ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಇರಲಿ ಬಿಡಿ.

ಎರಡನೇ ದಿನದಿಂದ ಹೀಟರ್ ಹಾಕಿ, ಕೆಲವು ಗಂಟೆಗೆ ಒಂದೊಂದೇ ಡಿಗ್ರಿ ಏರಿಸಿ.

ಮೀನು ಸುಸ್ತಾಗಿರುವುದರಿಂದ ನೀರಿನ ಆಳವನ್ನು ಒಂದು ಗೇಣಿಗಿಂತ ಕಮ್ಮಿ ಮಾಡಿ. ಆದರೆ ಹೀಟರ್ ಮೇಲೆ ಬರೆದಿರುವ ಗೆರೆಯಷ್ಟು ಮುಳುಗಿರಲೇಬೇಕು. ಬೆಟ್ಟಾ ಕಿವಿರಿನಿಂದಷ್ಟೇ ಅಲ್ಲ, ತಲೆಯೊಳಗಿನ ಲ್ಯಾಬಿರಿಂತ್ ಅಂಗದಿಂದ ನೇರವಾಗಿ ಗಾಳಿಯನ್ನೂ ಉಸಿರಾಡುತ್ತದೆ. ಒಂದೊಂದು ಗುಟುಕಿಗೂ ಮೇಲೆ ಈಜಿ ಬರಬೇಕಲ್ವಾ, ದೂರ ಕಮ್ಮಿಯಾದರೆ ಅಷ್ಟು ಶಕ್ತಿ ಉಳಿಯುತ್ತದೆ. ಮುಚ್ಚಳ ಇರಲಿ, ನೀರಿನ ಮೇಲಿನ ಗಾಳಿ ಬೆಚ್ಚಗಿರುತ್ತದೆ. ದೀಪ ಆರಿಸಿಡಿ.

ಎರಡು ದಿನ ಏನೂ ತಿನ್ನಿಸಬೇಡಿ. ಆಮೇಲೆ ಒಂದೇ ಕಾಳು ಹಾಕಿ ನೋಡಿ, ಉಗುಳಿದರೆ ಹೊರಗೆ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಸರಿ ಡಾಕ್ಟ್ರೇ. ಉಪ್ಪು? ಕ್ಯಾಪ್ಸೂಲ್ ಯಾವಾಗ?

ಡಾಕ್ಟರ್:
ಉಪ್ಪು ಹಾಕಬಹುದು, ಬೇರೇನೂ ಬೆರೆಸದ ಅಕ್ವೇರಿಯಂ ಉಪ್ಪು. ಲೀಟರಿಗೆ 1 ಗ್ರಾಂ ಲೆಕ್ಕ, ನಿಮಗೆ 10 ಲೀಟರಿಗೆ 10 ಗ್ರಾಂ. ಆಳ ಇಳಿಸಿದ್ದರೆ ಉಳಿದಿರುವ ನೀರಿನ ಲೆಕ್ಕ ಹಿಡಿಯಿರಿ. ಬೇರೆ ಲೋಟದಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತು ಮಾಡಿ ಹಾಕಿ. 10 ದಿನಕ್ಕಿಂತ ಜಾಸ್ತಿ ಇಡಬೇಡಿ. ಟ್ಯಾಂಕಿನಲ್ಲಿ ಗಿಡಗಳಿದ್ದರೆ ಅವು ತಡೆಯಲ್ಲ, ಬೇರೆ ಡಬ್ಬಕ್ಕೆ ತೆಗೆಯಿರಿ.

ಮನುಷ್ಯರ ಕ್ಯಾಪ್ಸೂಲ್ ಮಾತ್ರ ಬೇಡವೇ ಬೇಡ. ಯಾವ ರೋಗಾಣುವಿಗೆ, ಎಷ್ಟು ಪ್ರಮಾಣ ಅಂತ ಗೊತ್ತಿಲ್ಲದೆ ಹಾಕಿದರೆ ಮೊದಲು ಸಾಯುವುದು ಫಿಲ್ಟರ್. ನೀರು ಸರಿಯಾದ ಮೇಲೂ ಕಪ್ಪು ಅಂಚು ದಿನದಿಂದ ದಿನಕ್ಕೆ ಮೈ ಕಡೆಗೆ ಸರಿಯುತ್ತಿದ್ದರೆ, ರೆಕ್ಕೆಯಲ್ಲಿ ರಕ್ತದ ಗೆರೆ ಬಂದರೆ, ಬಾಯಿಯ ಸುತ್ತ ಹತ್ತಿಯಂಥ ಬಿಳುಪು ಕಂಡರೆ ಆಗ ಔಷಧಿ ಬೇಕು. ಮೀನು ನೋಡುವ ವೈದ್ಯರ ಹತ್ತಿರ ಬರೆಸಿಕೊಳ್ಳಿ. ಔಷಧಿ ಹಾಕುವಾಗ ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆದುಬಿಡಿ, ಅದು ಔಷಧಿಯನ್ನೂ ಹೀರಿಕೊಳ್ಳುತ್ತದೆ.

ಇನ್ನೊಬ್ಬ ಸದಸ್ಯರು:
ಮಧ್ಯೆ ಕೇಳ್ತಿದ್ದೇನೆ, ಬೇಜಾರಾಗಬೇಡಿ. ನನ್ನ ಬೆಟ್ಟಾದ ಹೊಟ್ಟೆ ಊದಿದೆ, ಓರೆಯಾಗಿ ಈಜುತ್ತದೆ. ಬಟಾಣಿ ಬೇಯಿಸಿ ಕೊಡಿ ಅಂತ ಎಲ್ಲರೂ ಹೇಳುತ್ತಾರೆ.

ಡಾಕ್ಟರ್:
ಬೆಟ್ಟಾ ಹುಳ ಹುಪ್ಪಟೆ ತಿನ್ನುವ ಮೀನು, ಬಟಾಣಿ ಅದರ ಆಹಾರವಲ್ಲ. ಮೊದಲು ಮೇಲಿನಿಂದ ನೋಡಿ. ಹುರುಪೆಗಳು ಮೈಗೆ ಅಂಟಿಕೊಂಡಿದ್ದು ಹೊಟ್ಟೆ ಮಾತ್ರ ದಪ್ಪಗಿದ್ದರೆ ಹೆಚ್ಚಾಗಿ ಮಲಬದ್ಧತೆ. ಎರಡು ದಿನ ಉಪವಾಸ ಹಾಕಿ, ಆಮೇಲೆ ಡಾಫ್ನಿಯಾ ಅನ್ನೋ ಸಣ್ಣ ನೀರಿನ ಜೀವಿ ಕೊಡಿ. ಅದರ ಹೊರಚಿಪ್ಪಿನಿಂದ ಹೊಟ್ಟೆ ಸಡಿಲವಾಗುತ್ತದೆ. ಎಪ್ಸಮ್ ಉಪ್ಪು ಕೆಲಸಕ್ಕೆ ಬರುವುದು ಇಲ್ಲಿ. ಅದು ಮೆಗ್ನೀಸಿಯಂ ಸಲ್ಫೇಟ್, ಮೇಲೆ ಹೇಳಿದ ಉಪ್ಪೇ ಬೇರೆ, ಎರಡನ್ನೂ ಕಲಸಬೇಡಿ.

ಹುರುಪೆಗಳು ಸುತ್ತಲೂ ನಿಗುರಿ ನಿಂತಿದ್ದರೆ ಅದು ಡ್ರಾಪ್ಸಿ. ಒಳಗೆ ಮೂತ್ರಪಿಂಡ ಕೈಕೊಟ್ಟಿರುತ್ತದೆ. ಸುಳ್ಳು ಭರವಸೆ ಕೊಡಲ್ಲ, ಆ ಹಂತದಲ್ಲಿ ಉಳಿಯುವವು ಕಮ್ಮಿ. ತಡಮಾಡದೆ ವೈದ್ಯರಿಗೆ ತೋರಿಸಿ.

ಮತ್ತೊಬ್ಬ ಸದಸ್ಯರು:
ನಮ್ಮದರ ಬಾಲ ರಾತ್ರೋರಾತ್ರಿ ತುಂಡಾಗಿದೆ. ಕಪ್ಪಾಗಿಲ್ಲ, ಚೆನ್ನಾಗಿ ತಿನ್ನುತ್ತದೆ.

ಡಾಕ್ಟರ್:
ಹಾಗಾದರೆ ಕೊಳೆತದ್ದಲ್ಲ. ಎಲ್ಲೋ ಸಿಕ್ಕಿ ಹರಿದಿದೆ ಅಥವಾ ತಾನೇ ಕಚ್ಚಿಕೊಂಡಿದೆ. ಹಳೇ ನೈಲಾನ್ ಕಾಲುಚೀಲವನ್ನು ಟ್ಯಾಂಕಿನ ಪ್ಲಾಸ್ಟಿಕ್ ಗಿಡ, ಕಲ್ಲಿನ ಮೇಲೆ ಎಳೆದು ನೋಡಿ. ಅದು ಸಿಕ್ಕಿಕೊಂಡರೆ ಬಾಲವೂ ಸಿಕ್ಕಿಕೊಳ್ಳುತ್ತದೆ, ಆ ವಸ್ತು ತೆಗೆಯಿರಿ. ಸಿಕ್ಕದಿದ್ದರೆ ಫಿಲ್ಟರ್ ಸೆಳೆತ ನೋಡಿ. ಉದ್ದ ಬಾಲದ ಮೀನಿಗೆ ಜೋರು ನೀರು ಆಗಲ್ಲ.

ಪ್ರಶ್ನೆ ಕೇಳಿದವರು:
ಡಾಕ್ಟ್ರೇ, ಈಗ ಅಮೋನಿಯಾ 0ಗೆ ಬಂದಿದೆ, ನೀರು 26 ಡಿಗ್ರಿ. ಗಾಜಿನ ಹತ್ತಿರ ಬಂದು ಕಾಳು ಕೇಳುತ್ತಿದೆ! ಆದರೆ ಬಾಲದ ತುದಿಯಲ್ಲಿ ಬಣ್ಣವಿಲ್ಲದ ತೆಳು ಪೊರೆ ಕಾಣುತ್ತಿದೆ. ಬೂಸ್ಟು ಹಿಡಿದಿದೆಯಾ?

ಡಾಕ್ಟರ್:
ಟಾರ್ಚ್ ಹಿಡಿದು ನೋಡಿ. ಪೊರೆಯ ಆಚೆಗಿನದ್ದು ಕಾಣಿಸಿದರೆ ಅದು ಹೊಸ ಬಾಲ. ಬಣ್ಣ ಆಮೇಲೆ ತುಂಬಿಕೊಳ್ಳುತ್ತದೆ. ಬೂಸ್ಟು ಆದರೆ ಮಬ್ಬಾಗಿ, ನಾರು ನಾರಾಗಿ ಇರುತ್ತದೆ. ಕಾಳು ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ಮೂರು ಸಾಕು. ಅದರ ಹೊಟ್ಟೆ ತುಂಬಾ ಚಿಕ್ಕದು.

ನೈಟ್ರೈಟನ್ನು ಇನ್ನೂ ಕೆಲವು ವಾರ ಅಳೆಯುತ್ತಿರಿ. ಅಮೋನಿಯಾ ಇಳಿದ ಮೇಲೆ ಅದು ಏರುವ ಸರದಿ, ಏರಿದರೆ ಆಗಲೂ ನೀರು ಬದಲಿಸುವುದೇ ದಾರಿ. ಉಪ್ಪು ಇಳಿಸಬೇಕಾದರೆ ಬದಲಿಸುವ ನೀರಿಗೆ ಉಪ್ಪು ಹಾಕಬೇಡಿ, ತಾನಾಗೇ ಕಮ್ಮಿಯಾಗುತ್ತದೆ. ನೀರು ಆವಿಯಾಗಿ ಕೆಳಗಿಳಿದಾಗ ತುಂಬಿಸುವುದೂ ಉಪ್ಪಿಲ್ಲದ ನೀರೇ ಆಗಿರಲಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿದಿರುತ್ತದೆ.