ಮಳೆಗಾಲದ ಚಗಟೆ, ಕೆಸು, ಕಳಲೆ: ಬಯಲುಸೀಮೆಯ ಕೈಗೆ ಇವನ್ನು ಕಲಿಸುವವರು ಯಾರು?

ಪ್ರಶ್ನೆ: ಹೊಲದಬದು (ಪುತ್ತೂರು)

ಎಲ್ಲರಿಗೂ ನಮಸ್ಕಾರ. ನಾನು ಬೆಳೆದದ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ರಾಗಿ ಪೈರು ಗೇಣುದ್ದವಾಗುವ ಹೊತ್ತಿಗೆ ಕಳೆ ಕೀಳಲು ಹೋದ ನಮ್ಮಜ್ಜಿ ಮಡಿಲ ತುಂಬ ಅಣ್ಣೆ, ಗೋಣಿ, ಕಿರಕಸಾಲೆ, ಹೊನಗೊನೆ ಸೊಪ್ಪುಗಳನ್ನು ತರುತ್ತಿದ್ದರು. ಎಲ್ಲವೂ ಒಟ್ಟಿಗೆ ಬಿದ್ದರೆ ಅದು ಬೆರಕೆ ಸೊಪ್ಪು; ತೊಗರಿಬೇಳೆಯೊಂದಿಗೆ ಬೇಯಿಸಿ ಮಸೆದರೆ ಆ ದಿನದ ಮುದ್ದೆಗೆ ಬೇರೇನೂ ಬೇಕಿರಲಿಲ್ಲ. ಕೆಲಸದ ನಿಮಿತ್ತ ಪುತ್ತೂರಿಗೆ ಬಂದು ಇದು ಎರಡನೆಯ ಮಳೆಗಾಲ. ಇಲ್ಲಿ ಮನೆಯ ಹಿಂದಿನ ಅಗಳಿನಿಂದ ಹಿಡಿದು ರಸ್ತೆಯಂಚಿನವರೆಗೆ ಹಸುರು ತುಂಬಿದೆ, ಆದರೆ ನನಗೆ ಗುರುತಿರುವ ಸೊಪ್ಪು ಅದರಲ್ಲಿ ಒಂದೆರಡೂ ಇಲ್ಲ.

ಪಕ್ಕದ ಮನೆಯ ತುಳು ಮಾತನಾಡುವ ಅಕ್ಕ ಚಗಟೆ ಸೊಪ್ಪಿನ ಪಲ್ಯವನ್ನೂ ಎದುರುಮನೆಯ ಕೊಂಕಣಿ ಅಮ್ಮ ಪತ್ರೊಡೆಯನ್ನೂ ಕಳುಹಿಸಿಕೊಟ್ಟ ದಿನದಿಂದ ನನಗೆ ಇವನ್ನು ನಾನೇ ಕಿತ್ತು ತಂದು ಅಡುಗೆ ಮಾಡಬೇಕೆಂಬ ಆಸೆ ಹಿಡಿದಿದೆ. ಕಳೆದ ವಾರ ಚರಂಡಿಯ ಪಕ್ಕದಲ್ಲಿದ್ದ ದೊಡ್ಡ ಕೆಸುವಿನ ಎಲೆಗಳನ್ನು ತಂದು ಪತ್ರೊಡೆ ಮಾಡಿದೆ. ರಾತ್ರಿಯಿಡೀ ಮನೆಯವರೆಲ್ಲರ ಗಂಟಲು ತುರಿಸಿತು, ಮಗಳು ಅತ್ತಳು. ಆದ್ದರಿಂದ ಕೇಳುತ್ತಿದ್ದೇನೆ: ಕೆಸು ತುರಿಸದಿರಲು ಏನು ಮಾಡಬೇಕು? ಚಗಟೆಯನ್ನು ತಪ್ಪದೆ ಗುರುತಿಸುವುದು ಹೇಗೆ? ಕಳಲೆಯನ್ನು, ಅಂದರೆ ಬಿದಿರಿನ ಎಳೆಯ ಮೊಳಕೆಯನ್ನು, ಎಷ್ಟು ದಿನ ನೆನೆಸಬೇಕು? ಮತ್ತೊಂದು ಮಾತು: ಚಗಟೆಯನ್ನು ನಮ್ಮೂರಿನ ಮಸ್ಸೊಪ್ಪಿನ ರೀತಿಯಲ್ಲಿ ಮಾಡಿದರೆ ಇಲ್ಲಿನವರಿಗೆ ಅದು ಸರಿಕಾಣುತ್ತದೆಯೇ?

ಉತ್ತರ: ಆಟಿಮಳೆ (ಉಡುಪಿ)

ತಂಗಿ, ಮೊದಲು ಕೆಸುವಿನ ವಿಷಯ ಹೇಳುತ್ತೇನೆ, ಏಕೆಂದರೆ ಮಗು ಅತ್ತದ್ದನ್ನು ಓದಿ ನನಗೆ ಬೇಸರವಾಯಿತು. ಕೆಸುವಿನ ಎಲೆ, ದಂಟು, ಗೆಡ್ಡೆಗಳಲ್ಲೆಲ್ಲ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ. ಅವು ನಾಲಗೆಗೂ ಗಂಟಲಿಗೂ ಚುಚ್ಚುವುದರಿಂದಲೇ ತುರಿಕೆ. ಚರಂಡಿಯ ಬದಿಯ ಬಲಿತ ಎಲೆಯನ್ನು ನಾವು ಮುಟ್ಟುವುದೇ ಇಲ್ಲ. ಅಲ್ಲಿನ ನೀರು ಎಂಥದ್ದೆಂದು ಯಾರಿಗೆ ಗೊತ್ತು? ಹಿತ್ತಲಿನಲ್ಲಿ ನೆಟ್ಟ ಕಪ್ಪು ದಂಟಿನ ಕೆಸುವಿನ ಎಳೆಯ ಎಲೆ ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು ಮಳೆಗಾಲದಲ್ಲಿ ಹಳೆಯ ಮರಗಳ ಕವಲುಗಳಲ್ಲಿ ತಾನಾಗಿ ಮೂಡುವ ಮರಕೆಸು. ಅದರ ಪತ್ರೊಡೆಗಾಗಿಯೇ ನಾವು ವರ್ಷವಿಡೀ ಕಾಯುತ್ತೇವೆ.

ಎಲೆಯ ಹಿಂಬದಿಯ ದಪ್ಪ ನರಗಳನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ಮೂರು ನಾಲ್ಕು ಗಂಟೆ ನೆನೆದ ಎರಡು ಲೋಟ ಬೆಳ್ತಿಗೆ (ಕುಸುಬಲು ಮಾಡದ) ಅಕ್ಕಿಗೆ ಒಂದು ಲೋಟ ತೆಂಗಿನ ತುರಿ, ಹತ್ತು ಒಣಮೆಣಸು, ಎರಡು ಚಮಚ ಕೊತ್ತಂಬರಿ, ಸ್ವಲ್ಪ ಜೀರಿಗೆ, ಅರಿಶಿನ, ಬೆಲ್ಲ, ಉಪ್ಪು ಸೇರಿಸಿ ರುಬ್ಬುವಾಗ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣನ್ನು ಹಾಕಲೇಬೇಕು. ಹುಳಿ ಕಡಿಮೆಯಾದರೆ ತುರಿಕೆ ತಪ್ಪದು ಎಂಬುದು ನನ್ನ ಅತ್ತೆಯವರಿಂದ ಕಲಿತ ಪಾಠ, ಅದು ಒಮ್ಮೆಯೂ ಸುಳ್ಳಾಗಿಲ್ಲ. ನರದ ಬದಿ ಮೇಲೆ ಬರುವಂತೆ ಎಲೆ ಹಾಸಿ, ಹಿಟ್ಟು ಸವರಿ, ಐದಾರು ಎಲೆಗಳನ್ನು ಒಂದರ ಮೇಲೊಂದಿಟ್ಟು ಸುತ್ತಿ, ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಹಬೆಯಲ್ಲಿ ಬೇಯಿಸಿರಿ. ನಾವು ಅದನ್ನು ಬಿಸಿಯಾಗಿ ತೆಂಗಿನೆಣ್ಣೆಯೊಂದಿಗೆ ತಿನ್ನುತ್ತೇವೆ, ಇಲ್ಲವೇ ಮರುದಿನ ಪುಡಿಮಾಡಿ ಬೆಲ್ಲ ತೆಂಗಿನಕಾಯಿ ಸೇರಿಸಿ ಒಗ್ಗರಣೆ ಕೊಡುತ್ತೇವೆ. ಕೊಂಕಣಿಯವರು ಬಿಲ್ಲೆ ಮಾಡಿ ರವೆಯಲ್ಲಿ ಹೊರಳಿಸಿ ಕಾಯಿಸುತ್ತಾರೆ. ಗುಜರಾತಿನವರ ಪಾತ್ರಾದಲ್ಲಿ ಎಲೆ ಇದೇ, ಅಕ್ಕಿಯ ಬದಲು ಕಡಲೆಹಿಟ್ಟು. ಹುಣಸೆ ಬೆಲ್ಲಗಳು ಮಾತ್ರ ಅಲ್ಲಿಯೂ ಇವೆ.

ಇನ್ನು ಚಗಟೆ. ತುಳುವಿನಲ್ಲಿ ತಜಂಕ್, ಕೊಂಕಣಿಯಲ್ಲಿ ತಾಯ್ಕಿಳೊ, ಮರಾಠಿಯಲ್ಲಿ ಟಾಕಳಾ, ಮಲಯಾಳದಲ್ಲಿ ತಗರ, ನಿಮ್ಮ ಕಡೆಯ ಪುಸ್ತಕಗಳಲ್ಲಿ ತಗಚೆ. ಒಂದು ಕಡ್ಡಿಗೆ ಮೂರೇ ಜೋಡಿ ಎಲೆ, ಎಲೆಯ ತುದಿ ದುಂಡಗೆ, ಸಂಜೆಯಾದರೆ ಮಡಚಿಕೊಳ್ಳುತ್ತದೆ. ಇದರ ಹತ್ತಿರದ ಸಂಬಂಧಿಯೊಂದು ಅದೇ ರಸ್ತೆಯಂಚಿನಲ್ಲಿ ಬೆಳೆಯುತ್ತದೆ: ಅದಕ್ಕೆ ನಾಲ್ಕೈದು ಜೋಡಿ ಎಲೆ, ತುದಿ ಚೂಪು, ಕಿವುಚಿದರೆ ಕೆಟ್ಟ ವಾಸನೆ. ಅದು ವಿಷಕಾರಿ, ತರಬೇಡಿ. ಎಲೆಯ ಜೋಡಿ ಎಣಿಸದೆ ಚಗಟೆ ಚಿವುಟಬಾರದು ಎಂದು ಮಗಳಿಗೂ ಹೇಳಿಕೊಡಿ. ಹೂ ಬಿಡುವ ಮೊದಲಿನ ಕುಡಿಗಳು ಮಾತ್ರ ರುಚಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಆಟಿ ತಿಂಗಳು ಕಳೆದ ಮೇಲೆ ಅದರ ಕಡೆ ನೋಡುವವರಿಲ್ಲ. ಬೇಸಗೆಯಲ್ಲಿ ಎತ್ತಿಟ್ಟ ಹಲಸಿನ ಬೀಜ ಜಜ್ಜಿ ಹಾಕಿದರೆ ಪಲ್ಯ ಪೂರ್ಣವಾಗುತ್ತದೆ. ಮಸ್ಸೊಪ್ಪು ಮಾಡಿದರೆ ಯಾರಿಗೂ ಬೇಸರವಿಲ್ಲ. ಮಾಡಿ, ಪಕ್ಕದ ಮನೆಗೂ ಒಂದು ಬಟ್ಟಲು ಕೊಡಿ.

ಉತ್ತರ: ಕಾಫಿತೋಟ (ಮಡಿಕೇರಿ)

ಕಳಲೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಹೆಚ್ಚಿದಾಗ ಹೊರಬೀಳುವ ಅದು ನೀರಿನಲ್ಲಿಯೂ ಕುದಿಯಲ್ಲಿಯೂ ಹೋಗುತ್ತದೆ. ಹಾಗಾಗಿ ಹೊರಗಿನ ಸಿಪ್ಪೆಗಳನ್ನು ಬಿಡಿಸಿ, ಒಳಗಿನ ಎಳೆಯ ಭಾಗವನ್ನು ತೆಳುವಾಗಿ ಹೆಚ್ಚಿ, ಎರಡು ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಕುದಿಸಿ ಆ ನೀರನ್ನು ಚೆಲ್ಲಬೇಕು. ಅವಸರ ಮಾಡುವವರು ಕಳಲೆಯನ್ನು ಬಿಟ್ಟುಬಿಡುವುದೇ ಲೇಸು. ಮೀಸಲು ಅರಣ್ಯಕ್ಕೆ ಹೋಗಿ ಅನುಮತಿಯಿಲ್ಲದೆ ಕಡಿಯುವುದು ಅಪರಾಧವಾಗಿರುವುದರಿಂದ ಪರಿಚಯದವರ ತೋಟದಿಂದಲೇ ತನ್ನಿ, ಒಂದು ಮೆಳೆಯ ಎಲ್ಲ ಮೊಳಕೆಗಳನ್ನೂ ಮುರಿಯಬೇಡಿ.

ಕೊಡವ ಮನೆಗಳಲ್ಲಿ ಇದು ಬೈಂಬಳೆ ಕರಿ. ನಮ್ಮ ಕಕ್ಕಡ ತಿಂಗಳಿಗೂ ನಿಮ್ಮಲ್ಲಿನ ಆಟಿಗೂ ಹೆಚ್ಚುಕಡಿಮೆ ಒಂದೇ ಲೆಕ್ಕ. ಕಕ್ಕಡ 18, ಅಂದರೆ ಆಗಸ್ಟ್ 3ರಂದು, ಮದ್ದು ತೊಪ್ಪು ಎಂಬ ಔಷಧಿ ಸೊಪ್ಪನ್ನು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ ಮಾಡುತ್ತೇವೆ. ಅದರ ಪರಿಮಳವನ್ನು ಬರೆದು ತಿಳಿಸಲಾರೆ. ಆ ದಿನಗಳಲ್ಲಿ ಯಾರಾದರೂ ಕರೆದರೆ ಬಂದುಬಿಡಿ. ಮರುದಿನ ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ, ಅದು ಸೊಪ್ಪಿನ ಬಣ್ಣ.

ಈಚಿನ ವರ್ಷಗಳಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಸಂಗತಿಯೊಂದಿದೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕುಟುಂಬವೊಂದು ನಮ್ಮ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ, ಇದೆ. ತೋಡಿನ ಬದಿಯ ಜರೀಗಿಡದ ಸುರುಳಿ ಕುಡಿಗಳನ್ನು, ನಾವು ಥೆರ್ಮೆ ತೊಪ್ಪು ಎಂದು ಕರೆಯುವುದನ್ನು, ಆ ಮನೆಯ ಹೆಂಗಸು ಕಂಡ ಕೂಡಲೇ ‘ಢೆಕಿಯಾ’ ಎಂದು ನಗುತ್ತ ಸೆರಗಿಗೆ ತುಂಬಿಕೊಂಡರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅವರು ಸಾಸಿವೆ ಎಣ್ಣೆಯಲ್ಲಿ ಆಲೂಗಡ್ಡೆಯೊಂದಿಗೆ ಹುರಿದರು, ನಾನು ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ ಹಾಕಿದೆ, ಎರಡನ್ನೂ ಅಕ್ಕಿ ರೊಟ್ಟಿಯೊಂದಿಗೆ ತಿಂದೆವು. ಕಳಲೆಯನ್ನು ಹುದುಗಿಸಿ ಅವರು ಮಾಡುವ ಖರಿಸಾವನ್ನು ಈಗ ನಾನೂ ಜಾಡಿಯಲ್ಲಿ ಹಾಕಿಡುತ್ತೇನೆ. ನಮ್ಮ ಮನೆಯವರಿಗೆ ಅದರ ವಾಸನೆ ಇನ್ನೂ ಒಗ್ಗಿಲ್ಲ.

ಉತ್ತರ: ರೈನ್ ದಂಡೆ (ಜರ್ಮನಿ)

ಹೊಸ ಊರಿನ ಹಸುರನ್ನು ಓದಲು ಬಾರದಿರುವ ಸಂಕಟ ನನಗೂ ಗೊತ್ತು. ಇಲ್ಲಿ ಮಾರ್ಚ್‌ನಿಂದ ಮೇ ತನಕ ಕಾಡಿನ ನೆಲದಲ್ಲಿ ಬೇರ್ಲೌಖ್ ಎಂಬ ಬೆಳ್ಳುಳ್ಳಿ ಪರಿಮಳದ ಎಲೆ ಹಬ್ಬುತ್ತದೆ. ಅದನ್ನೇ ಹೋಲುವ ಎರಡು ವಿಷದ ಗಿಡಗಳೂ ಅಲ್ಲೇ ಬೆಳೆಯುತ್ತವೆ. ವಾಸನೆ ನೋಡಿ ತಿಳಿಯಿರಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮೊದಲ ಹಿಡಿ ಕೀಳುವಷ್ಟರಲ್ಲಿ ಕೈಯೇ ಬೆಳ್ಳುಳ್ಳಿಯಾಗಿರುವುದರಿಂದ ಆಮೇಲೆ ಮೂಗು ನಂಬಿಕೆಗೆ ಅರ್ಹವಲ್ಲ. ಬೇರ್ಲೌಖಿನ ಪ್ರತಿ ಎಲೆಗೂ ತನ್ನದೇ ತೊಟ್ಟಿರುತ್ತದೆ ಎಂದು ಪಕ್ಕದ ಮನೆಯ ಅಜ್ಜಿ ಕೈಹಿಡಿದು ತೋರಿಸಿಕೊಟ್ಟ ಮೇಲೆಯೇ ನಾನು ಕಿತ್ತದ್ದು. ಇಲ್ಲಿನ ಕಾನೂನು ಮನೆಬಳಕೆಗೆ ಒಂದು ಕೈಗೊಂಚಲಿನಷ್ಟನ್ನು ಮಾತ್ರ ಕೀಳಲು ಬಿಡುತ್ತದೆ. ಸಂರಕ್ಷಿತ ಕಾಡಿನಲ್ಲಿ ಅದೂ ಇಲ್ಲ. ನನಗೆ ಅಷ್ಟು ಸಾಕು: ತೆಂಗಿನ ತುರಿಯೊಂದಿಗೆ ರುಬ್ಬಿ ಚಟ್ನಿ ಮಾಡುತ್ತೇನೆ. ತುರಿಚೆಯ ಜಾತಿಯ ನೆಟಲ್ ಕುಡಿಗಳನ್ನು ಕೈಗವಸು ಹಾಕಿ ಕಿತ್ತು ಕುದಿನೀರಿಗೆ ಹಾಕಿದರೆ ಚುಚ್ಚುವ ಗುಣ ಹೋಗುತ್ತದೆ, ನಮ್ಮ ಮಸ್ಸೊಪ್ಪಿಗೆ ಚೆನ್ನಾಗಿ ಹೊಂದುತ್ತದೆ. ರಾಗಿಹಿಟ್ಟು ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ‘ಕುರಕ್ಕನ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಆ ಹೆಸರು ತಿಳಿಯುವವರೆಗೆ ಎರಡು ವರ್ಷ ಮುದ್ದೆಯಿಲ್ಲದೆ ಕಳೆದೆ.

ಮರಳಿ ಬರೆದದ್ದು: ಹೊಲದಬದು

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ಪಕ್ಕದ ಮನೆಯ ಅಕ್ಕನನ್ನೇ ಕರೆದುಕೊಂಡು ಹೋಗಿ ಚಗಟೆ ಕುಡಿಗಳನ್ನು ತಂದೆ. ಮಗಳು ಒಂದೊಂದು ಕಡ್ಡಿಯ ಜೋಡಿಗಳನ್ನೂ ಎಣಿಸಿದಳು. ತೊಗರಿಬೇಳೆ, ಹಸಿಮೆಣಸು, ಬೆಳ್ಳುಳ್ಳಿಯೊಂದಿಗೆ ಮಸೆದ ಸಾರಿನಲ್ಲಿ ಅಣ್ಣೆ ಸೊಪ್ಪಿನ ನುಣುಪಿಲ್ಲ, ಆದರೆ ನಾಲಗೆಯ ಹಿಂಬದಿಯಲ್ಲಿ ನಿಲ್ಲುವ ಒಂದು ಸಣ್ಣ ಕಹಿ ಇದೆ, ಅದು ಮುದ್ದೆಗೆ ಬಹಳ ಹಿತವಾಗಿತ್ತು. ಅಕ್ಕ ಮುದ್ದೆಯನ್ನು ಮೊದಲ ಸಲ ತಿಂದರು, ಅಗಿಯದೆ ನುಂಗಬೇಕೆಂದು ಮಗಳು ಕಲಿಸಿಕೊಟ್ಟಳು. ಮರಕೆಸು ತೋರಿಸುತ್ತೇನೆಂದು ಕೊಂಕಣಿ ಅಮ್ಮ ಭಾನುವಾರಕ್ಕೆ ಕರೆದಿದ್ದಾರೆ. ಊರಿನಿಂದ ಅಣ್ಣೆ ಸೊಪ್ಪಿನ ಒಂದು ಹಿಡಿ ಬೀಜ ತರಿಸಿದ್ದೇನೆ. ಇಲ್ಲಿನ ಇಷ್ಟು ಮಳೆಗೆ ಅದು ಕುಂಡದಲ್ಲಿ ಕೊಳೆಯದೆ ಬದುಕಬಲ್ಲದೇ, ಅಥವಾ ಮಳೆ ಇಳಿಯುವ ತನಕ ಕಾದು ಬಿತ್ತಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿರಿ.