ಪದಚರ್ಚೆ: 'ಮೂಲ ನಿಯಮ' ಅಂದರೆ ಯಾವ ಮೂಲ?

ಎಲ್ಲರಿಗೂ ನಮಸ್ಕಾರ.

ಬಾಂಗ್ಲಾದೇಶದ ಸಿದ್ಧ ಉಡುಪು ಮತ್ತು ಯುರೋಪಿನ ಆಮದು ಸುಂಕದ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಟ್ಯಾರಿಫ್' ಕಾಡಲಿಲ್ಲ. ಶುಲ್ಕದ ತದ್ಭವವಾದ ಸುಂಕ ಶಾಸನಗಳ ಕಾಲದಿಂದ ನಮ್ಮಲ್ಲಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡವರೂ ಇದ್ದಾರೆ. ನಾನು ಸಿಕ್ಕಿಬಿದ್ದದ್ದು 'ರೂಲ್ಸ್ ಆಫ್ ಒರಿಜಿನ್' ಎಂಬಲ್ಲಿ.

'ಮೂಲ ನಿಯಮಗಳು' ಎಂದು ಬರೆದು ಗೆಳೆಯರೊಬ್ಬರಿಗೆ ಓದಿಸಿದೆ. "ಮೂಲಭೂತ ನಿಯಮಗಳಾ?" ಅಂದರು. ಅಲ್ಲ, ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ ಅದು. ಐರೋಪ್ಯ ಒಕ್ಕೂಟ 2001ರಲ್ಲಿ, ಅತ್ಯಂತ ಹಿಂದುಳಿದ ದೇಶಗಳ ಸರಕಿಗೆ, ಆಯುಧವೊಂದನ್ನು ಬಿಟ್ಟು, ಸುಂಕ ಬೇಡವೆಂದಿತು. ಆದರೆ ಚೀನಾದ ಬಟ್ಟೆ ತಂದು ಢಾಕಾದಲ್ಲಿ ಹೊಲಿದ ಅಂಗಿ ಈ ಲೆಕ್ಕದಲ್ಲಿ ಬಾಂಗ್ಲಾದ್ದೇ ಅಲ್ಲ! ನೂಲು ಬಟ್ಟೆಯಾಗುವುದು, ಬಟ್ಟೆ ಉಡುಪಾಗುವುದು, ಎರಡೂ ಅಲ್ಲೇ ಆಗಬೇಕಿತ್ತು. ಟೀ ಶರ್ಟಿನ ಬಟ್ಟೆ ಅಲ್ಲೇ ತಯಾರಾಗುತ್ತಿದ್ದರಿಂದ ಅದು ಪಾರಾಯಿತು; ಹೊರಗಿನ ಬಟ್ಟೆಯ ಅಂಗಿ, ಪ್ಯಾಂಟಿಗೆ ಶೇ 12ರಷ್ಟು ಸುಂಕ ಬಿತ್ತು. 2011ರಿಂದ ಹೊಲಿಗೆಯೊಂದೇ ಸಾಕು ಎಂದಾಯಿತು. ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದವರಿಗೆ ಮೂರು ವರ್ಷದ ಅವಕಾಶ, ಆಮೇಲೆ ಮತ್ತೆ ಎರಡು ಹಂತದ ಲೆಕ್ಕವೇ. ಅಂದರೆ ಸುಂಕದ ದರಕ್ಕಿಂತ ಈ ನಿಯಮವೇ ಹೆಚ್ಚು ಬಿಗಿ. ಲೇಖನವಿಡೀ ನಿಂತಿರುವುದು ಇದೊಂದರ ಮೇಲೆ, ಹಾಗಾಗಿ ಪದ ತಪ್ಪಿದರೆ ಕೆಲಸ ಕೆಟ್ಟಿತು.

'ಉಗಮ ನಿಯಮ' ಅಂದರೆ ನದಿಯ ನೆನಪು. 'ತವರಿನ ನಿಯಮ' ಎಂದು ಹೊಳೆದು ಒಂದು ದಿನ ಖುಷಿಪಟ್ಟೆ. ಆದರೆ ತವರು ಹುಟ್ಟಿದ ಮನೆ; ಇಲ್ಲಿ ಹತ್ತಿ ಹುಟ್ಟಿದ ಹೊಲವನ್ನು ಯಾರೂ ಕೇಳುತ್ತಿಲ್ಲ, ಕೆಲಸ ನಡೆದ ಜಾಗವನ್ನು ಕೇಳುತ್ತಿದ್ದಾರೆ. ಇಳಕಲ್ ಸೀರೆ ಅನ್ನುವಾಗ ನಾವು ಹಿಡಿಯುವುದೂ ನೇಯ್ದ ಊರನ್ನೇ, ನೂಲಿನ ಊರನ್ನಲ್ಲ. ಸದ್ಯಕ್ಕೆ 'ತಯಾರಿ ನೆಲೆಯ ನಿಯಮ' ಎಂದು ಬರೆದಿದ್ದೇನೆ. ಕಿವಿಗೆ ಅಷ್ಟೇನೂ ಹಿತವಿಲ್ಲ.

ಇನ್ನೊಂದು. ನೇಯ್ದ ಬಟ್ಟೆ ಸರಿ, 'ನಿಟೆಡ್' ಬಟ್ಟೆಗೆ 'ಹೆಣೆದ ಬಟ್ಟೆ' ಅಂದರೆ ಅಜ್ಜಿ ಕಡ್ಡಿ ಹಿಡಿದು ಸ್ವೆಟರ್ ಹಾಕುತ್ತಿರುವ ಚಿತ್ರ ಬರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ ಹೇಳಿ: ಟೀ ಶರ್ಟಿನ ಬಟ್ಟೆಗೆ ಲೈನಿನಲ್ಲಿ ಏನನ್ನುತ್ತಾರೆ, 'ಬನಿಯನ್ ಬಟ್ಟೆ' ಅನ್ನುವುದುಂಟೆ?