ಹೂವಿನ ಆರ್ಚ್‌ಗೆ ಏನನ್ನೋಣ? ಮಂಟಪ, ತೋರಣ, ಕಮಾನು, ಹಂದರ

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗಳ ಮದುವೆ ಹೂದೋಟದಲ್ಲಿ ನಡೆಯಲಿದೆ. ಸಿಂಗಾರದ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಟ್ಟಿ ಕನ್ನಡದಲ್ಲೇ ಇರಲಿ ಅಂತ ನಾನೇ ಹಟ ಹಿಡಿದೆ. ಕಂಬ ನೆಡುವವರು, ಹೂ ಕಟ್ಟುವವರು, ದೀಪ ಹಾಕುವವರು ಓದುವುದು ಕನ್ನಡವನ್ನೇ ಅಲ್ವಾ? ಆದರೆ ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮೆಲ್ಲರ ಸಹಾಯ ಬೇಕು.

ಹುಡುಗ ಹುಡುಗಿ ನಿಲ್ಲುವ ಜಾಗದಲ್ಲಿ ಒಂದು ಚೌಕಟ್ಟು ಇರುತ್ತದೆ. ಎರಡು ಕಾಲು, ಮೇಲೆ ಒಂದು ಬಾಗು, ಅಷ್ಟೇ. ಸೂರಿಲ್ಲ, ಹಿಂದೆ ಗೋಡೆಯಿಲ್ಲ. ಮೈತುಂಬ ಹೂ, ಎಲೆ. ಅದರ ನಡುವಿನಿಂದ ಹಿಂದಿನ ಮರಗಳೂ ಆಕಾಶವೂ ಕಾಣಬೇಕು. ಎಲ್ಲರ ಬಾಯಲ್ಲೂ ಇದು ಆರ್ಚ್. ಕನ್ನಡದಲ್ಲಿ ಏನಂತ ಬರೆಯಲಿ?

ಮೊದಲು ‘ಹೂವಿನ ಮಂಟಪ’ ಅಂತ ಬರೆದಿದ್ದೆ. ಸಿಂಗಾರ ಮಾಡುವವರು ಜಾಗ ನೋಡಲು ಬಂದರು. ನೆಲದಲ್ಲಿ ನಾಲ್ಕು ಮೂಲೆಗೆ ನಾಲ್ಕು ಗುರುತು ಹಾಕಿದರು. ಮೇಲೆ ಹೊದಿಸುವ ಬಟ್ಟೆ ಯಾವ ಬಣ್ಣದ್ದು ಅಂತ ಕೇಳಿದರು. ತಪ್ಪು ಅವರದಲ್ಲ, ನನ್ನ ಪದದ್ದು. ಮಂಟಪ ಅಂದರೆ ಕಂಬಗಳು, ಅವುಗಳ ಮೇಲೊಂದು ಸೂರು. ಸಂಸ್ಕೃತದ ಮಂಡಪ ನಮ್ಮಲ್ಲಿ ಮಂಟಪ ಆಯಿತು. ಒಂದು ಅಕ್ಷರ ಬದಲಾಯಿತೇ ಹೊರತು ಆ ಸೂರು ಹಾಗೇ ಉಳಿಯಿತು.

ಆಮೇಲೆ ತೋರಣ ಸರಿಹೋಗುತ್ತದೆ ಅನ್ನಿಸಿತು. ಇದು ಕುತೂಹಲದ ಪದ. ಮೂಲದಲ್ಲಿ ತೋರಣ ಅಂದರೆ ಎರಡು ಕಂಬಗಳ ಮೇಲೆ ನಿಂತ ಅಲಂಕಾರದ ಬಾಗಿಲು. ಸಾಂಚಿ ಸ್ತೂಪದ ನಾಲ್ಕು ಕಲ್ಲಿನ ಬಾಗಿಲುಗಳನ್ನು ಇವತ್ತಿಗೂ ತೋರಣ ಅಂತಲೇ ಕರೆಯುತ್ತಾರೆ. ಮೂರ್ತಿಯ ತಲೆಯ ಮೇಲೆ ಬಾಗಿ ನಿಲ್ಲುವ ಮಕರತೋರಣದಲ್ಲೂ ಹಳೆಯ ಅರ್ಥ ಉಳಿದಿದೆ. ಅಂದರೆ ನನಗೆ ಬೇಕಾದ ವಸ್ತುವಿಗೆ ಇದೇ ಸರಿಯಾದ ಪದ. ಆದರೆ ಮಾತು ಮುಂದೆ ನಡೆದುಬಿಟ್ಟಿದೆ. ಬಾಗಿಲಿಗೆ ಕಟ್ಟುವ ಎಲೆಯ ಸಾಲಿಗೇ ಈಗ ತೋರಣ ಅನ್ನುತ್ತೇವೆ. ಪಟ್ಟಿಯಲ್ಲಿ ‘ತೋರಣ – 1’ ಅಂತ ಬರೆದರೆ ಒಂದು ಎಲೆಸರ ಬರುತ್ತದೆ, ಚೌಕಟ್ಟು ಬರುವುದಿಲ್ಲ. ಹಳೆಯ ಅರ್ಥದ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ ಕೆಲಸದ ಪಟ್ಟಿಯಲ್ಲಿ ಅದನ್ನು ಬಳಸುವುದು ಬೇಡ ಅನ್ನಿಸಿತು.

ಇನ್ನು ಉಳಿದದ್ದು ಕಮಾನು. ಫಾರಸಿಯಲ್ಲಿ ಕಮಾನ್ ಅಂದರೆ ಬಿಲ್ಲು. ಬಿಲ್ಲಿನಂತೆ ಬಾಗಿದ್ದೆಲ್ಲ ಕನ್ನಡದಲ್ಲಿ ಕಮಾನಾಗಿದೆ. ಪಿಟೀಲು ನುಡಿಸುವುದೂ ಕಮಾನಿನಿಂದ, ಸೇತುವೆಯ ಕೆಳಗಿರುವುದೂ ಕಮಾನು. (ಕಾಮನಬಿಲ್ಲಿಗೂ ಇದಕ್ಕೂ ನಂಟಿಲ್ಲ. ಅದು ಕಾಮನ ಬಿಲ್ಲು. ಉಲಿ ಹತ್ತಿರವಿದೆ, ಅಷ್ಟೇ.) ಸ್ವಾಗತ ಕಮಾನು ಅನ್ನುವ ಮಾತು ಎಲ್ಲರಿಗೂ ಗೊತ್ತು. ತೊಡಕು ಬರುವುದೇ ಅಲ್ಲಿ. ನಮ್ಮ ಪಟ್ಟಿಯಲ್ಲಿ ಎರಡು ಕಮಾನುಗಳಿವೆ. ಒಂದು ತೋಟದ ಬಾಗಿಲಲ್ಲಿ, ಇನ್ನೊಂದು ಹುಡುಗ ಹುಡುಗಿ ನಿಲ್ಲುವಲ್ಲಿ. ಮೊದಲನೆಯದಕ್ಕೆ ‘ಬಾಗಿಲ ಕಮಾನು’ ಸಾಕು. ಎರಡನೆಯದಕ್ಕೆ ‘ಹೂಗಮಾನು’ ಅಂದರೆ ಹೇಗೆ? ಹೂ, ತೋಟ ಸೇರಿ ಹೂದೋಟ ಆದ ಹಾಗೆ ಇಲ್ಲೂ ಕಕಾರ ಗಕಾರವಾಗಲಿ ಅಂತ ನನ್ನ ಆಸೆ. ಹೊರಗಿಂದ ಬಂದ ಪದ, ಅದನ್ನು ಬಾಗಿಸಬಾರದು, ಹೂಕಮಾನು ಅಂತಲೇ ಇರಲಿ ಅನ್ನುವವರೂ ಇರಬಹುದು. ಎರಡನ್ನೂ ಜೋರಾಗಿ ಹೇಳಿ ನೋಡಿ. ನನ್ನ ನಾಲಿಗೆಗೆ ಹೂಗಮಾನು ಸಲೀಸು.

ಹಂದರ ಯಾಕೆ ಬೇಡ ಅಂತ ಅಕ್ಕ ಕೇಳಿದಳು. ಆ ಪದದ ಹಿಂದೆ ಹೋದ ಮೇಲೆ ನನಗೆ ಅದನ್ನು ಬಿಡಲು ಮನಸ್ಸಾಗುತ್ತಿಲ್ಲ. ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಂದರ ಹಂದರವಾಯಿತು. ತಮಿಳಿನಲ್ಲಿ ಅದೇ ಪದ ಪಂದಲ್, ತೆಲುಗಿನಲ್ಲಿ ಪಂದಿರಿ. ಬರೊ ಮತ್ತು ಎಮಿನೊ ಅವರ ದ್ರಾವಿಡ ಪದಮೂಲ ಕೋಶದಲ್ಲಿ ಇವೆಲ್ಲ ಒಂದೇ ಬುಡದಡಿ ಇವೆ. ತಮಿಳಿನ ಪಂದಲ್ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಬಾಯಿಗೆ ಪೆಂಡಾಲ್ ಆಗಿ ಬಂತು. ಮನೆಯಲ್ಲೇ ಹಂದರ ಇತ್ತು, ಅದರ ನೆಂಟ ಬೇರೆ ಉಡುಪಿನಲ್ಲಿ ಬಂದು ಪಕ್ಕದಲ್ಲೇ ಕೂತ. ಉತ್ತರ ಕರ್ನಾಟಕದ ಮಾತಿನಲ್ಲಿ ಮದುವೆ ಚಪ್ಪರಕ್ಕೂ ಹಂದರ ಅನ್ನುತ್ತಾರೆ. ಬೇರೆ ಕಡೆ ಮಲ್ಲಿಗೆಬಳ್ಳಿ ಹಬ್ಬಿಸುವ ಕಟ್ಟಿಗೆಯ ಜಾಲವೂ ಹಂದರವೇ. ಇನ್ನೂ ಸೊಗಸು ಅಂದರೆ ಕಥಾಹಂದರ, ಎಲುಬಿನ ಹಂದರ. ಮೇಲೆ ಏನೋ ಹಬ್ಬಲು ಬೇಕಾದ ಒಳಕಟ್ಟು ಅನ್ನುವ ಅರ್ಥ ಎಲ್ಲದರಲ್ಲೂ ಇದೆ.

ಹೀಗಾಗಿ ನಾನು ಹೀಗೆ ಹಂಚಿಕೊಂಡಿದ್ದೇನೆ. ತೋಟದಲ್ಲಿ ಆಗಲೇ ಬಳ್ಳಿ ಹಬ್ಬಿರುವ ಒಂದು ಪರ್ಗೋಲಾ (ಕಂಬಗಳ ಮೇಲೆ ಅಡ್ಡಪಟ್ಟಿ ಹಾಕಿದ ಕಟ್ಟು) ಇದೆ. ಅದು ಹಂದರ. ಹೂ ಕಟ್ಟುವ ಮುಂಚಿನ ಬರಿಯ ಚೌಕಟ್ಟು ಕೂಡ ಹಂದರ. ಹೂ ಏರಿದ ಮೇಲೆ ಅದು ಹೂಗಮಾನು. ಚೌಕಟ್ಟು ಮಾಡುವವರೂ ಹೂ ಕಟ್ಟುವವರೂ ಬೇರೆ ಬೇರೆ. ಇಬ್ಬರಿಗೂ ಎರಡು ಪದ ಇದ್ದರೆ ಗೊಂದಲ ಕಡಿಮೆ.

ಭಾಗಗಳಿಗೂ ಹೆಸರು ಬೇಕೇ ಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಾನು ಇಟ್ಟದ್ದು ಕಾಲು, ಬಾಗು, ಗೂಟ. ಕಾಲು 6 ಅಡಿ, ಅಗಲ 5 ಅಡಿ ಇದ್ದು ಮೇಲೆ ಅರ್ಧ ವೃತ್ತ ಬಂದರೆ ಬಾಗು ಸುಮಾರು 8 ಅಡಿ ಆಗುತ್ತದೆ. ಎರಡು ಕಾಲೂ ಸೇರಿ 20 ಅಡಿ. ಹೂ ಕಟ್ಟುವವರು ಅಡಿಯಲ್ಲಿ ಎಣಿಸುವುದಿಲ್ಲ, ಮೊಳದಲ್ಲಿ ಎಣಿಸುತ್ತಾರೆ. ಒಂದು ಮೊಳ ಸುಮಾರು ಒಂದೂವರೆ ಅಡಿ. ಒಂದು ಸಾಲಿಗೆ 13–14 ಮೊಳ ಬೇಕು, ಸುತ್ತಿ ಸುತ್ತಿ ಕಟ್ಟಿದರೆ ಇನ್ನೂ ಜಾಸ್ತಿ. ಗೂಟವನ್ನು ಮರೆಯದೆ ಬರೆಯಿರಿ. ಹೂ ಏರಿದ ಮೇಲೆ ಚೌಕಟ್ಟು ಗಾಳಿಗೆ ಹಾಯಿಯಂತೆ ಆಗುತ್ತದೆ. ಎರಡೂ ಕಾಲನ್ನು ನೆಲಕ್ಕೆ ಬಿಗಿಯದಿದ್ದರೆ ಬೀಳುತ್ತದೆ.

ಇನ್ನು ಕೆಲವು ಸಣ್ಣ ಪದಗಳು. ‘ತೋಟದ ಮದುವೆ’ ಅಂದರೆ ಅಡಿಕೆತೋಟವೋ ತೆಂಗಿನತೋಟವೋ ಅಂತ ಕೇಳುತ್ತಾರೆ. ‘ಉದ್ಯಾನ’ ಊರಿನ ಪಾರ್ಕಿನ ಫಲಕದಂತೆ ಕೇಳಿಸುತ್ತದೆ. ಅದಕ್ಕೇ ಹೂದೋಟ. ‘ಬಯಲು ಮದುವೆ’ ನನಗೆ ಹಿಡಿಸಲಿಲ್ಲ. ಬಯಲಾಟ ಚೆಂದದ ಪದ, ನಿಜ. ಆದರೆ ಮದುವೆಯ ಪಕ್ಕದಲ್ಲಿ ಬಯಲು ಬಂದರೆ ಬರಿದು, ಬಯಲಾಗುವುದು ಅನ್ನುವ ಅರ್ಥಗಳೂ ಜೊತೆಗೆ ಬರುತ್ತವೆ.

ದೀಪದ ಸರಗಳಿಗೆ ದೀಪಮಾಲೆ ಅಂತ ಬರೆದಿದ್ದನ್ನು ಹೊಡೆದು ‘ಸೀರಿಯಲ್ ಸೆಟ್’ ಅಂತಲೇ ಮಾಡಿದೆ. ದೀಪ ಹಾಕುವವರ ಪದ ಅದೇ. ಬಲ್ಬುಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸುತ್ತಿದ್ದುದರಿಂದ ಬಂದ ಹೆಸರು. ಹುಲ್ಲಿನ ಮೇಲೆ ಹಾಸುವ ಉದ್ದನೆಯ ಬಟ್ಟೆಗೆ ಮಾತ್ರ ‘ನಡೆಮಡಿ’ ಅಂತ ಬರೆದೆ. ಗೌರವಕ್ಕೆ ನಡೆಯುವ ದಾರಿಗೆ ಹಾಸುವ ಬಟ್ಟೆ ಅದು. ಕಾರ್ಪೆಟ್ ಅನ್ನುವುದಕ್ಕಿಂತ ಇದು ನಮ್ಮ ಹುಡುಗಿಗೆ ಎಷ್ಟೋ ಇಷ್ಟವಾಯಿತು.

ಈಗ ನನ್ನ ಪ್ರಶ್ನೆಗಳು. ಹೂಗಮಾನು, ಹೂಕಮಾನು ಇವುಗಳಲ್ಲಿ ನೀವು ಯಾವುದನ್ನು ಬರೆಯುತ್ತೀರಿ, ಯಾಕೆ? ಎರಡು ಕಾಲಿನ ಬಾಗಿದ ಚೌಕಟ್ಟಿಗೆ ನಿಮ್ಮ ಕಡೆ ಕೆಲಸಗಾರರ ಬಾಯಲ್ಲಿ ಬೇರೆ ಪದ ಇದೆಯಾ? ತೋರಣವನ್ನು ಹಳೆಯ ಬಾಗಿಲಿನ ಅರ್ಥದಲ್ಲಿ ಮಾತಿನಲ್ಲಿ ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಪುಸ್ತಕದಲ್ಲಲ್ಲ, ಮಾತಿನಲ್ಲಿ. ಕೇಳಿದ್ದರೆ ಯಾವ ಸೀಮೆ, ಯಾವ ಕೆಲಸದವರು ಅಂತಲೂ ತಿಳಿಸಿ.